ಅಜ್ಜಿಯ ಬೈಗುಳ ಬಿದ್ದ ಜಾಗ

ಅಜ್ಜಿ, ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದೆ. ನೀನು ಫೋನಿನಲ್ಲಿ ಬೈದು ಕಳಿಸಿದ "ಏಳೇ ಸೋಮಾರಿ!" ಈ ಹೊಸ ಊರಿನಲ್ಲಿ ನಾನು ಕೆಲಸ ಮಾಡುವ ಪ್ರಯೋಗಕ್ಕೆ ಸೇರಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವು ಮೂವತ್ತು ಜನ ಒಬ್ಬೊಬ್ಬರಾಗಿ ಸ್ಕ್ಯಾನ್ ಯಂತ್ರದೊಳಗೆ ಮಲಗಿ ನಮ್ಮ ನಮ್ಮ ಮನೆಯವರ ದನಿ ಕೇಳಿದೆವು. ಎಲ್ಲರದೂ ಸೇರಿಸಿ ನೋಡಿದ ಇಡೀ ಮಿದುಳಿನ ಚಿತ್ರದಲ್ಲಿ ಒಂದು ಚುಕ್ಕಿಯೂ ಹೊಳೆಯಲಿಲ್ಲ. ವರ್ಷದ ಕೆಲಸ ನೀರುಪಾಲಾಯಿತೆಂದುಕೊಂಡೆ. ಆದರೆ ಕಿವಿಯ ಹತ್ತಿರದ ಹುಣಸೆಬೀಜದಷ್ಟು ಜಾಗವೊಂದನ್ನೇ ಲೆಕ್ಕ ಹಾಕಿದಾಗ, ಮನೆಯ ದನಿಗೆ ಅದು ಮಿಡಿದದ್ದು ಸ್ಪಷ್ಟವಾಗಿತ್ತು!

"ಎರಡರಲ್ಲಿ ಯಾವುದು ಸುಳ್ಳು, ಮೇಡಂ?" ಎಂದು ಪ್ರಯೋಗ ನಡೆಸುವವರನ್ನು ಕೇಳಿದೆ.

"ಯಾವುದೂ ಅಲ್ಲ. ಲಕ್ಷ ಚುಕ್ಕಿ ಜಾಲಾಡಿದ್ರೆ ಸುಮ್ಮಸುಮ್ಮನೆ ಮಿನುಗೋವೂ ಸಿಗ್ತವೆ. ಅದಕ್ಕೇ ಪಾಸ್ ಮಾರ್ಕ್ಸ್ ಏರಿಸ್ತೀವಿ, ಸಣ್ಣ ದನಿ ಫೇಲಾಗುತ್ತೆ. ಒಂದೇ ಜಾಗ ಕೇಳಿದ್ರೆ ಅಷ್ಟು ಬೇಡ. ಆದ್ರೆ ಜಾಗ ಮೊದಲೇ ಗೊತ್ತು ಮಾಡಿರಬೇಕು" ಎಂದು ಬಾಗಿಲಿಗೆ ಅಂಟಿಸಿದ್ದ ಚೀಟಿ ತೋರಿಸಿದರು. ಅದರಲ್ಲಿ ಆ ಜಾಗದ ಹೆಸರಿತ್ತು, ಮೊದಲ ಸ್ಕ್ಯಾನಿಗೂ ಹಿಂದಿನ ತಾರೀಕಿತ್ತು. ಆಮೇಲೆ, ನೋಡಲಿಕ್ಕಷ್ಟೇ, ಇಡೀ ಚಿತ್ರದ ಪಾಸ್ ಮಾರ್ಕ್ಸ್ ಇಳಿಸಿದರು. ಬೂದು ಮಿದುಳಿನಲ್ಲಿ ಅದೇ ಜಾಗ ಬೂದಿಯೊಳಗಿನ ಕೆಂಡದಂತೆ ಮೆಲ್ಲಗೆ ಕಂಡಿತು.

ನನ್ನ ನೆಗಡಿ ವಾಸಿಯಾಗಿದೆ, ಚಿಂತೆ ಬೇಡ. ಎರಡನೇ ಸುತ್ತಿಗೆ ಹೊಸ ಬೈಗುಳ ಬೇಕು. ಗಂಟಲು ಹರಿದುಕೊಳ್ಳಬೇಡ, ಮೆಲ್ಲಗೆ ಬೈದರೂ ಅಲ್ಲಿಗೇ ಬಂದು ಮುಟ್ಟುತ್ತದೆ.

ನಿನ್ನ ಸೋಮಾರಿ