ನೂರು ಅಡಿಯಲ್ಲಿ ನಿನ್ನ ಅವ್ವ

ಕಲಬುರಗಿ
೯ ಫೆಬ್ರುವರಿ ೨೦೨೫

ಮಗಳು ಪಂಚಶೀಲಾಳಿಗೆ ಅಪ್ಪನ ಜೈಭೀಮ್.

ಬರುವ ಗುರುವಾರಕ್ಕೆ ನಿನ್ನ ಅವ್ವ ಹೋಗಿ ವರ್ಷ. ಪುಣ್ಯಾನುಮೋದನೆಗೆ ಬೀದರಿನಿಂದ ಬಂದಾಗ ಅವಳ ಕೊನೆಯ ವಿಡಿಯೊ ತೋರಿಸಬೇಕೆಂದು ನೀನು ಮೂರು ಸಲ ಫೋನ್ ಮಾಡಿದೆ. "ಮಾರಿ ಫೋಟೋದಾಗ ಅದ ಅಪ್ಪಾ, ನನಗ ಅವ್ವನ ಧ್ವನಿ ಬೇಕು" ಅಂದೆ. ನಾನು ಫೋನ್ ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ. ಐ ಬೆಗ್ ಟು ಸ್ಟೇಟ್ ದಟ್... ಮುಂದಿನದು ನೆನಪಿಲ್ಲ, ಪಿಯುಸಿಯಲ್ಲಿ ಇಂಗ್ಲಿಷ್ ಪತ್ರ ಬಾಯಿಪಾಠ ಇತ್ತು.

ವಿಡಿಯೊ ಕಮಲಾಪುರದ್ದು. ಅವಳ ಅಕ್ಕನ ಕೆಂಪು ಬಾಳೆ ತೋಟಕ್ಕೆ ಹೋಗಿದ್ದೆವು. ಗೊನೆಯ ಪಕ್ಕ ನಿಲ್ಲಿಸಿ ಫೋನಿನಲ್ಲಿ ತೆಗೆದೆ. ಸಂಜೆಗೆ ಅವಳಿರಲಿಲ್ಲ. ಉಳಿದದ್ದು ಎರಡೂಮುಕ್ಕಾಲು ನಿಮಿಷ.

ಆದರೆ ಫೋನಿನಲ್ಲಿ ಅವಳು ಪ್ಲಾಸ್ಟಿಕ್ ಹಾಳೆ ಹೊದ್ದಂತೆ ಕಾಣುತ್ತಿದ್ದಳು. ಮೂವತ್ತು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನು ನಾನು; ಕಣಕಣವಾಗಿ ನಡುಗುವ ಬೆಳಕೇ ನನ್ನ ಕಣ್ಣಿಗೆ ಜೀವ. ಮೋಮಿನಪುರದ ಚಾಂದಪಾಶಾನ ಬಳಿ ಹೋದೆ. ಒಂದು ಕಾಲಕ್ಕೆ ಮದುವೆಗಳನ್ನು ರೀಲಿನಲ್ಲಿ ತೆಗೆಯುತ್ತಿದ್ದವನು, ಹಳೆಯ ಕ್ಯಾಮರಾ ಇನ್ನೂ ಇಟ್ಟುಕೊಂಡಿದ್ದಾನೆ. "ಭೀಮಶಾ ಭಾಯ್, ದುನಿಯಾ ರೀಲಿನಿಂದ ಫೋನಿಗಿ ಬಂತು, ನೀ ಫೋನಿನಿಂದ ರೀಲಿಗಿ ಹೊಂಟಿ. ಉಲ್ಟಾ ಜನ್ಮ ನಿಂದು!" ಎಂದು ನಕ್ಕ. ಆದರೂ ಕಿಟಕಿಗೆ ಕಂಬಳಿ ಕಟ್ಟಿ, ವಿಡಿಯೊ ಟಿವಿಯಲ್ಲಿ ಓಡಿಸಿ, ಎದುರಿಗೆ ಕ್ಯಾಮರಾ ನಿಲ್ಲಿಸಿ, ನೂರು ಅಡಿ ರೀಲಿಗೆ ಇಳಿಸಿಕೊಟ್ಟ. ಮುಂಬೈಯಲ್ಲಿ ತೊಳೆಸಿ ತರಿಸಿದೆವು.

ಗೋಡೆಯ ಮೇಲೆ ಓಡಿಸಿದಾಗ ನಿನ್ನ ಅವ್ವ, ನನ್ನ ಗುಂಡವ್ವ, ಎದ್ದು ಬಂದಳು. ಸೆರಗಿನ ಮೇಲೆ ಬಾಳೆ ಎಲೆಯ ನೆರಳು ಹೇಗೆ ಆಡುತ್ತದೆ ಅಂತೀ! ತುಟಿ ಅಲುಗುತ್ತದೆ. ಧ್ವನಿ ಇಲ್ಲ. ಆ ಕ್ಯಾಮರಾಕ್ಕೆ ಕಿವಿಯಿಲ್ಲ ಮಗಳೇ.

ಫೋನಿನಲ್ಲಿದ್ದ ವಿಡಿಯೊವೂ ಈಗಿಲ್ಲ. ಟಾಕೀಸಿಗೆ ಹೊಸ ಪ್ರಿಂಟ್ ಬಂದ ದಿನವೇ ಸವೆದದ್ದನ್ನು ಕಟ್ಟಿ ವಾಪಸು ಕಳಿಸುವುದು ನಮ್ಮ ರೂಢಿ. ಒಂದು ಪಿಕ್ಚರಿಗೆ ಎರಡು ಡಬ್ಬಿ ಇಡುತ್ತಿರಲಿಲ್ಲ. ಅದೇ ಕೈಯಭ್ಯಾಸದಲ್ಲಿ, ರೀಲು ಬಂದ ದಿನ ಫೋನಿನದನ್ನು ಅಳಿಸಿದೆ. ಚಾಂದಪಾಶಾ ಹಣೆ ಬಡಿದುಕೊಂಡು, ಫೋನ್ ಕಸಿದು ರೋಜಾ ಬಡಾವಣೆಯ ಮೊಬೈಲ್ ಅಂಗಡಿಗೆ ಓಡಿದ. ಅಂಗಡಿಯ ಬುಶ್ರಾ ಎರಡು ದಿನ ಹುಡುಕಿ, "ಏನೂ ಉಳದಿಲ್ರೀ ಚಾಚಾ" ಅಂದಳಂತೆ.

ಸೀಯಿಂಗ್ ಈಸ್ ಬಿಲೀವಿಂಗ್ ಎಂದು ನಮ್ಮ ಇಂಗ್ಲಿಷ್ ಸರ್ ಹೇಳುತ್ತಿದ್ದರು. ಹಿಯರಿಂಗ್‌ಗೂ ಏನೋ ಒಂದಿತ್ತು, ಮರೆತುಹೋಗಿದೆ.

ನೀನು ಬಾ. ರೀಲು ಓಡಿಸುತ್ತೇನೆ. ಅವ್ವ ಏನು ಹೇಳಾಕತ್ಯಾಳ ಎಂದು ಕೇಳುತ್ತೀ. ಹಣ್ಣು ಸಿಹಿ ಅದಾವ, ಪಂಚಿಗೂ ಕಳಸೋಣ ಎನ್ನುತ್ತಿದ್ದಳು. ಅಷ್ಟೇ.

ನಿನ್ನ ಅಪ್ಪ,
ಭೀಮಶಾ

ವಿ.ಸೂ.: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಕೈಯಭ್ಯಾಸ ಎಂದದ್ದು ಸುಳ್ಳು, ಹಣ್ಣಿನ ಮಾತೂ ಸುಳ್ಳು. ಧ್ವನಿ ಬೇರೆ ಇಟ್ಟುಕೋ ಎಂದು ಚಾಂದಪಾಶಾ ಮೊದಲೇ ಹೇಳಿದ್ದ. ಗೊತ್ತಿದ್ದೇ ಅಳಿಸಿದೆ. ಆ ವಿಡಿಯೊದಲ್ಲಿ ಅವಳು ಅಂದದ್ದು, "ಸಾಕ್ರೀ, ಎದಿ ಹಿಂಡಾಕತ್ತದ, ದವಾಖಾನಿಗಿ ಹೋಗಾಮ್ ನಡೀರಿ." ಅದರ ಮೇಲೆ ನನ್ನ ಧ್ವನಿ, "ತಡಿ ಗುಂಡವ್ವಾ, ಬೆಳಕ ಭಾಳ ಛಲೋ ಬಿದ್ದದ. ಇನ್ನೊಂಚೂರು ನಗು."

ಅವಳು ನಕ್ಕಳು.