‘ಕೈ ಕೊಟ್ಲು’ ಅಂದರೆ ಏನು?

ವಿಚಾರಣೆ ನಡೆಸಿದ ಮಾನ್ಯರೇ,

ತಮ್ಮ ಭಾಷಾಜ್ಞಾನ ದೊಡ್ಡದು. ಆ ಜ್ಞಾನದಿಂದಲೇ ನಮ್ಮ ದೊಡ್ಡಕ್ಕನ ಕೆಲಸ ಹೋಯಿತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವರು ನಾವು; ಎಲ್ಲರಿಗಿಂತ ಹಿರಿಯಳೆಂದು ಅವಳು ನಮಗೆಲ್ಲ ದೊಡ್ಡಕ್ಕ. ಒದ್ದೆ ಬೆಡ್‌ಶೀಟನ್ನು ಹಿಂಡುವುದು, ಒಣಗಿದ ಮೇಲೆ ಮಡಿಸುವುದು ಒಬ್ಬಳಿಗೆ ಕಷ್ಟ. ಒಂದು ತುದಿ ಹಿಡಿದವಳು “ಕೈ ಕೊಡೇ” ಎಂದು ಕೂಗಿದರೆ ಹತ್ತಿರವಿದ್ದವಳು ಬಂದು ಇನ್ನೊಂದು ತುದಿ ಹಿಡಿಯಬೇಕು. ಮುನಿಸಿರಲಿ, ಮಾತು ಬಿಟ್ಟಿರಲಿ, ಬರಲೇಬೇಕು. ಕಾರ್ಮಿಕರ ದಿನದ ಸಮಾರಂಭದಲ್ಲಿ ತಾವು ‘ಶ್ರಮಿಕರ ಐಕಮತ್ಯ’ ಎಂದು ಗಂಟಲು ಹರಿಯುವಂತೆ ಭಾಷಣ ಬಿಗಿದಿರಲ್ಲ, ಅದಕ್ಕೆ ನಮ್ಮಲ್ಲಿರುವುದು ಈ ಎರಡೇ ಮಾತು. ಇದು ಕರುಣೆಯಲ್ಲ ಸ್ವಾಮಿ. ಕರುಣೆ ತೋರುವವರು ಮನಸ್ಸಾದಾಗ ತೋರುತ್ತಾರೆ. ಇಲ್ಲಿ ಇವತ್ತು ಅವಳ ಸರದಿ, ನಾಳೆ ನನ್ನದು.

ಇಸ್ತ್ರಿ ಯಂತ್ರದ ರೋಲರ್‌ಗೆ ನನ್ನ ಕೈ ಸಿಕ್ಕಿಕೊಂಡಾಗಲೂ ನಾನು ಅದನ್ನೇ ಕಿರುಚಿದೆ. ದೊಡ್ಡಕ್ಕ ತನ್ನ ಯಂತ್ರ ಬಿಟ್ಟು ಓಡಿಬಂದು ಎಳೆದಳು. ನನ್ನ ಬೆರಳು ಉಳಿದವು, ಅವಳ ಯಂತ್ರದಲ್ಲಿದ್ದ ಬಟ್ಟೆ ಸುಟ್ಟುಹೋಯಿತು. ವಿಚಾರಣೆ ನಡೆದದ್ದು ಅವಳ ಮೇಲೆ!

“ಅವಳೇನು ಮಾಡಿದಳಮ್ಮಾ?” ಎಂದು ಕೇಳಿದಿರಿ. “ಕೈ ಕೊಟ್ಲು ಸಾರ್, ಎಲ್ರಿಗಿಂತ ಮೊದ್ಲು ಅವ್ಳೇ ಕೈ ಕೊಟ್ಲು” ಎಂದೆ, ಅಳುತ್ತಲೇ. ತಾವು ತಲೆಯಾಡಿಸಿ ಬರೆಸಿದಿರಿ: “ಆಪತ್ತಿನಲ್ಲಿ ಸಹೋದ್ಯೋಗಿಗೆ ಮೋಸ ಮಾಡಿರುತ್ತಾರೆ.”

ಅಯ್ಯೋ, ಕೈ ಕೊಡುವುದೆಂದರೆ ಹೊರಗಿನವರ ಬಾಯಲ್ಲಿ ಮೋಸವೆಂದು ನಮಗೂ ಗೊತ್ತು. ಲಾಂಡ್ರಿಯಲ್ಲಿ ಹಾಗಲ್ಲ ಎಂದು ಎಲ್ಲರೂ ಬಾಗಿಲಲ್ಲಿ ನಿಂತು ಹೇಳಿದೆವು. “ಗುಂಪಿನ ಮಾತು ಸಾಕ್ಷಿಯಾಗಲ್ಲ, ಒಬ್ಬೊಬ್ಬರೇ ಬನ್ನಿ” ಎಂದಿರಿ. ಒಬ್ಬೊಬ್ಬರೇ ಬಂದರೆ “ನಿನ್ನೊಬ್ಬಳ ಮಾತು ಯಾರು ಕೇಳ್ತಾರೆ?” ಎಂದಿರಿ. ಹಾಗಾದರೆ ನಾವು ಎಷ್ಟು ಜನವಾಗಿ ಬರಬೇಕಿತ್ತು, ಮಾನ್ಯರೇ? ದೊಡ್ಡಕ್ಕ ಹೊರಡುವಾಗ “ಹೋಗ್ಲಿ ಬಿಡೇ, ನಿನ್ನ ಬೆರಳು ಉಳೀತಲ್ಲ” ಎಂದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಈಗ ನಮ್ಮಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ. ಬೆಡ್‌ಶೀಟನ್ನು ಮೇಜಿನ ಮೇಲೆ ಹರಡಿಕೊಂಡು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡಾಡಿ ಒಬ್ಬೊಬ್ಬಳೇ ಮಡಿಸುತ್ತೇವೆ. ಮೊನ್ನೆ ಹೊಸದಾಗಿ ಸೇರಿದವಳೊಬ್ಬಳು ಕಾಲಿಗೆ ಕುದಿನೀರು ಬಿದ್ದು ಚೀರಿದಳು. ಯಂತ್ರ ಬಿಟ್ಟು ಹೋಗಬಹುದೇ ಎಂದು ಎಲ್ಲರೂ ಮೊದಲು ಮೇಲ್ವಿಚಾರಕರ ಮುಖ ನೋಡಿದೆವು. ನಾನೂ ನೋಡಿದೆ.

ದೊಡ್ಡಕ್ಕನನ್ನು ಕೆಲಸಕ್ಕೆ ಕರೆಸಿ. ಬರೆಸಿದ ಆ ಒಂದು ಸಾಲು ತಿದ್ದಿ. ತಾವು ಮಾಡಲಾರಿರಿ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ, ಬೇರೆ ಯಾರನ್ನು ಕೇಳಲಿ?

ಇಂತಿ,
ತಮ್ಮ ಅರ್ಥದಲ್ಲಿ, ದೊಡ್ಡಕ್ಕನಿಗೆ ಕೈ ಕೊಟ್ಟವಳು