ಈ ಸಲ ಛತ್ರವಿರಲಿಲ್ಲ

ಓಸ್ಟರ್‌ವಾರ್ಫ್, ಪೂರ್ವ ಫ್ರೀಸ್‌ಲ್ಯಾಂಡ್
೨೭ ಡಿಸೆಂಬರ್ ೧೯೮೪

ಮುದ್ದಿನ ಗೇಸ್ಕೆ,

ಹೇಗಿದ್ದೀಯ ಮಗಳೇ? ಮಗು ಒದೆಯುತ್ತಿದೆಯೇ? ಕಾಲು ಊದಿದರೆ ದಿಂಬಿನ ಮೇಲಿಟ್ಟು ಮಲಗು. ಬ್ರೆಮೆನ್ನಿನ ಗಾಳಿ ನಿನಗೆ ಆಗಿಬರುವುದಿಲ್ಲ, ಆದರೆ ಹೇಳಿದರೆ ಜಗಳಕ್ಕೆ ಬರುತ್ತೀಯ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪನ ಮಂಡಿನೋವೂ ಕ್ಷೇಮ, ಅದು ಅವರನ್ನು ಬಿಟ್ಟುಹೋಗುವ ಲಕ್ಷಣವಿಲ್ಲ.

ಕ್ರಿಸ್‌ಮಸ್ ನಾಟಕದ ಸುದ್ದಿ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಹೊಸ ಪಾದ್ರಿಯಮ್ಮ ಇಮ್ಕೆ ಅಭ್ಯಾಸದ ಮೊದಲ ದಿನವೇ ಬೈಬಲ್ಲಿನ ಹೊಸ ಅನುವಾದ ತೆರೆದು, ಹೆರಿಗೆಗೆ ಬಂದ ಮರಿಯಳಿಗೆ ಜಾಗ ಸಿಗದಿದ್ದುದು ಛತ್ರದಲ್ಲಲ್ಲ, ಯಾರದೋ ಮನೆಯ ಅತಿಥಿಕೋಣೆಯಲ್ಲಿ ಎಂದಳು. ಹಳೆಯ ಅನುವಾದದಲ್ಲಿ ಛತ್ರ ಎಂದಿದ್ದರಿಂದ ಜನ ಅದಕ್ಕೊಬ್ಬ ಯಜಮಾನನನ್ನು ತಾವೇ ಹುಟ್ಟಿಸಿಕೊಂಡರಂತೆ. ಗ್ರಂಥದಲ್ಲಿ ಅವನ ಸುಳಿವೇ ಇಲ್ಲ. ನಿನ್ನ ಅಪ್ಪನ ಮುಖ ನೋಡಬೇಕಿತ್ತು! ಆ ಯಜಮಾನನದು ತಾತನ ಕಾಲದಿಂದ ನಮ್ಮ ಮನೆಗೇ ಮೀಸಲಾದ ವೇಷ. ಅವರು "ಜಾಗ ಇಲ್ಲ, ಹೋಗಿ!" ಎಂದು ಬಾಗಿಲು ಬಡಿದು ಮುಚ್ಚುವುದನ್ನು ನೋಡಲೆಂದೇ ಪಕ್ಕದೂರಿನವರು ಚರ್ಚಿಗೆ ಬರುತ್ತಿದ್ದರು. "ಇಷ್ಟು ವರ್ಷ ನಾನು ಇಲ್ಲದ ಛತ್ರದ ಬಾಗಿಲು ಹಾಕ್ತಿದ್ನಾ?" ಎಂದು ಗುಡುಗಿದರು.

ಪಾದ್ರಿಯಮ್ಮನೂ ಜಗ್ಗುವ ಹೆಣ್ಣಲ್ಲ. ಆ ಕಾಲದಲ್ಲಿ ದನವೂ ಜನವೂ ಒಂದೇ ಸೂರಿನಡಿ, ಕೂಸನ್ನು ಮಲಗಿಸಿದ ಮೇವಿನ ಗೋದಲಿ ಮನೆಯೊಳಗೇ ಇರುತ್ತಿತ್ತು ಎಂದಳು. ನಾನು ನಕ್ಕುಬಿಟ್ಟೆ. "ಅದು ನಮ್ಮನೇನೇ ಅಲ್ವೇನಮ್ಮಾ! ಗೋಡೆಯಾಚೆ ಹಸು ಕೆಮ್ಮಿದ್ರೆ ಈಚೆ ನನ್ನ ಚಹಾ ತುಳುಕುತ್ತೆ" ಎಂದೆ. ಅಷ್ಟು ಸಾಕಾಯಿತು, ನಾಟಕ ನಮ್ಮ ಕೊಟ್ಟಿಗೆಗೇ ಬಂತು. ಗೋದಲಿಯ ಪಕ್ಕ ನಿಲ್ಲಿಸುವ ಎತ್ತು ಕತ್ತೆಗಳೂ ಹಳೆಯ ಪ್ರವಾದಿಗಳ ಮಾತಿನಿಂದ, ಅದರ ಗ್ರೀಕ್ ಅನುವಾದದಿಂದ, ಈ ಕಥೆಯೊಳಗೆ ನುಸುಳಿದವಂತೆ. ಆದರೆ ನಮ್ಮ ಹಸುಗಳನ್ನು ಹೊರಗಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅಪ್ಪನಿಗೆ ಮನೆಯೊಡೆಯನ ಪಾತ್ರ. ಬಾಗಿಲು ತೆರೆದು, "ಕೋಣೆ ತುಂಬಿದೆ, ದನಗಳ ಪಕ್ಕ ಬೆಚ್ಚಗಿದೆ, ಬನ್ನಿ" ಎನ್ನಬೇಕು. ಆ ಮಾತು ಅವರ ಬಾಯಿಂದ ಹೊರಡದು. ಯಾಕೆಂದು ನಿನಗೂ ಗೊತ್ತು. ಸೆಪ್ಟೆಂಬರಿನಲ್ಲಿ, ನೀನು ಮದುವೆಯಿಲ್ಲದೆ ಬಸುರಿಯೆಂದು ತಿಳಿದಾಗ, ಅದೇ ಬಾಗಿಲಲ್ಲಿ ನಿಂತು ನಿನಗೆ ಹೇಳಿದ್ದೂ ಛತ್ರದ ಯಜಮಾನನ ಮಾತನ್ನೇ.

ನಾಟಕದ ಸಂಜೆ ಊರೆಲ್ಲ ಹುಲ್ಲಿನ ಮೇಲೆ ಕೂತಿತ್ತು. ಯೋಸೇಫ ಬಾಗಿಲು ತಟ್ಟಿದ. ಪಕ್ಕದಲ್ಲಿ ಬಡಗಿಯ ಮಗಳು ತಾಲ್ಕೆ, ಮರಿಯಳಾಗಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಿಂತಿದ್ದಳು. ಅಪ್ಪ ಬಾಗಿಲು ತೆರೆದರು, ಅವಳ ಹೊಟ್ಟೆ ನೋಡಿದರು, ಹಳೆಯ ಚಾಳಿ ನೋಡು, "ಜಾಗ ಇಲ್ಲ, ಹೋಗಿ!" ಎಂದು ಧಡಾರನೆ ಮುಚ್ಚಿಬಿಟ್ಟರು. ಯಾರೂ ನಗಲಿಲ್ಲ. ನನಗೆ ಅಳುವೇ ಬಂತು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ಕಿರ್ರೆಂದಿತು. ಅಪ್ಪ ಟೋಪಿ ತೆಗೆದು ಹೊರಗೆ ಬಂದು ತಾಲ್ಕೆಯ ಕೈ ಹಿಡಿದುಕೊಂಡರು. "ತಪ್ಪಾಯ್ತು ಮಗಳೇ. ಒಳಗ್ ಬಾ. ಜಾಗ ಇಲ್ದಿದ್ರೆ ಮಾಡ್ಕೊಳ್ಳೋಣ" ಎಂದರು. ಪಾದ್ರಿಯಮ್ಮ ಬರೆದುಕೊಟ್ಟ ಮಾತಲ್ಲ ಅದು. ಊರಿಗೆ ಊರೇ ಎದ್ದು ಹಾಡಿದ ಅಬ್ಬರಕ್ಕೆ ಹಸುಗಳೆಲ್ಲ ಕೂಗಿಕೊಂಡವು. ಗೆದ್ದೆವು ಮಗಳೇ, ಗೆದ್ದೆವು!

ಹೊಟ್ಟೆ ತುಂಬ ಉಣ್ಣು. ದೇವರು ನಿಮ್ಮಿಬ್ಬರನ್ನೂ ಮಡಿಲಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಓಕ್ಕಾ

ಮರೆತೆ: ಅಂಚೆಯವನು ಕಾಯುತ್ತಿದ್ದಾನೆ. ಅಪ್ಪ ನಿನ್ನ ಕೋಣೆಗೆ ಸುಣ್ಣ ಬಳಿದಾಯಿತು. ಈಗ ನಾಟಕದ ಗೋದಲಿಗೆ, ತೊಟ್ಟಿಲಿನಂತೆ ತೂಗಲೆಂದು, ಅಡಿಯಲ್ಲಿ ಬಾಗಿದ ಕಾಲು ಜೋಡಿಸುತ್ತಿದ್ದಾರೆ. ನನ್ನನ್ನು ಒಂದು ಮಾತೂ ಕೇಳುವುದಿಲ್ಲ, ಬ್ರೆಮೆನ್ ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ಅಂಚೆಯವನನ್ನು ಕೇಳುತ್ತಿದ್ದಾರೆ. ಹೊರಟು ಬಾ.